ನಾಣಿ ಮತ್ತು ಥಾರಿಪಾಸ ರಾಜನ ಕಾನೂನು

ಪೆಟಾಲಿಂಗ್ ಜಯಾದ ಕನ್ನಡ ಬಳಗಕ್ಕೆ ನಾಣಿ ಅಧ್ಯಕ್ಷನಾದದ್ದು ಯಾವಾಗ ಎಂದು ಯಾರಿಗೂ ಸರಿಯಾಗಿ ನೆನಪಿಲ್ಲ. ನಾಣಿಗೂ ಇಲ್ಲ. ಮೈಸೂರಿನಿಂದ ಸಮುದ್ರ ದಾಟಿ ಬಂದು ಇಲ್ಲಿನ ಕ್ಲಾಂಗ್ ಬಂದರಿನ ಸರಕು ಸಾಗಣೆ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕೆಲವು ಕನ್ನಡದ ಮನೆಯವರು ಸೇರಿ ಗಣೇಶನ ಹಬ್ಬ ಮಾಡಿದರು. ಬಾಳೆ ಎಲೆ ಎಲ್ಲಿ ಸಿಗುತ್ತದೆ ಎಂದು ಗೊತ್ತಿದ್ದವನು ನಾಣಿಯೊಬ್ಬನೇ. ಮುಂದಿನ ವರ್ಷವೂ ಎಲೆಗೆ ಅವನನ್ನೇ ಕೇಳಿದರು. ಆಮೇಲೆ ಹಾಲ್ ಗೊತ್ತು ಮಾಡುವುದನ್ನೂ ಅವನಿಗೇ ಬಿಟ್ಟರು. ಆಮೇಲೆ ಮೈಕು, ಆಮೇಲೆ ಅಡುಗೆಯವರು, ಆಮೇಲೆ ಭಾನುವಾರ ಮಕ್ಕಳಿಗೆ ಕನ್ನಡ ಪಾಠ. ಬಾಳೆ ಎಲೆಯಿಂದ ಶುರುವಾದ ಅಧಿಕಾರ ಇಷ್ಟು ದೂರ ಬರುತ್ತದೆ ಎಂದು ಯಾರು ಕಂಡಿದ್ದರು? ತಲೆ ನರೆಯುವ ಹೊತ್ತಿಗೆ ನಾಣಿ ಬಳಗದ ರಾಜನೇ ಆಗಿಬಿಟ್ಟಿದ್ದ, ಮತ್ತು ಹಾಗೆಂದು ಯಾರಾದರೂ ಹೇಳಿದ್ದರೆ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದ.

ಪಟ್ಟ ಕಟ್ಟುವ ಕ್ರಮ ಹೀಗಿತ್ತು. ಪ್ರತಿ ಯುಗಾದಿಗೆ ದೇವಸ್ಥಾನದ ಹಿಂದಿನ ಹಾಲ್‌ನಲ್ಲಿ ಊಟ. ಒಬ್ಬಟ್ಟಿನ ಊಟ ಮುಗಿದ ಮೇಲೆ ಕುರ್ಚಿ ಸಾಲಾಗಿ ಹಾಕಿ ಸಭೆ. ಯಾರಾದರೂ ಒಬ್ಬರು ಎದ್ದು, "ಈ ವರ್ಷವೂ ನಾಣಿಯವರೇ ಇರಲಿ" ಎನ್ನುತ್ತಿದ್ದರು. ನಾಣಿ ಎರಡೂ ಕೈ ಅಡ್ಡ ಆಡಿಸಿ, "ಅಯ್ಯೋ ಬೇಡ್ರಪ್ಪಾ, ನಂಗೂ ಸುಸ್ತಾಗಿದೆ, ಚಿಕ್ಕವರು ಯಾರಾದ್ರೂ ಮಾಡ್ಲಿ" ಎನ್ನುತ್ತಿದ್ದ. "ನೀವಿಲ್ದೆ ಬಳಗ ಎಲ್ಲಿದೆ ಸಾರ್?" ಎಂದು ಇನ್ನೊಬ್ಬರು. "ಇಲ್ಲ, ಈ ಸಲ ಖಂಡಿತ ಬೇಡ" ಎಂದು ನಾಣಿ. ಆಗ ಮಂಗಳೂರಿನ ಕ್ಲಾರೆನ್ಸ್ ಮೇಜು ಕುಟ್ಟಿ, "ಇವನದ್ದು ಪ್ರತಿ ಸಲದ್ದೂ ಇದೇ ಕತೆ ಮಾರಾಯ್ರೇ, ಚಪ್ಪಾಳೆ ಹೊಡೀರಿ" ಎನ್ನುತ್ತಿದ್ದ. ಚಪ್ಪಾಳೆ. ನಾಣಿ ಕೈ ಮುಗಿದು, "ನಿಮ್ಮಿಷ್ಟ" ಎನ್ನುತ್ತಿದ್ದ. ಅಲ್ಲಿಗೆ ಮುಗಿಯಿತು.

ಆ 'ಬೇಡ' ಸುಳ್ಳು ಎನ್ನುವಂತಿರಲಿಲ್ಲ, ನಿಜ ಎನ್ನುವಂತೆಯೂ ಇರಲಿಲ್ಲ. ಎಲೆಯ ಮುಂದೆ ಕೂತು 'ಸಾಕು ಸಾಕು' ಎಂದವರಿಗೆ ಇನ್ನೊಂದು ಬಡಿಸುವುದು ಬಡಿಸುವವರ ಮರ್ಯಾದೆ. ಬೇಕಿದ್ದರೂ ಒಂದೆರಡು ಸಲ 'ಸಾಕು' ಎನ್ನುವುದು ಉಣ್ಣುವವರ ಮರ್ಯಾದೆ. ನಾಣಿ ಬೆಳೆದ ಮನೆಯಲ್ಲಿ 'ನನಗೆ ಬೇಕು' ಎನ್ನುತ್ತಿದ್ದವರು ತೊಟ್ಟಿಲಿನ ಮಕ್ಕಳು ಮಾತ್ರ. ಮದುವೆಯಾದಾಗಲೂ ಅವನು ಕಾಂತಮ್ಮನನ್ನು ನೋಡಿಬಂದು, "ಈಗಲೇ ಯಾಕೆ, ಬೇಡ" ಎಂದೇ ಅಂದಿದ್ದ. ಹಿರಿಯರು ಒತ್ತಾಯ ಮಾಡಿದರು ಅನ್ನಿ, ಇಲ್ಲದಿದ್ದರೆ ಅವನ ಗತಿ ಏನಾಗುತ್ತಿತ್ತೋ.

ಕಳೆದ ವರ್ಷದ ಯುಗಾದಿಯಲ್ಲಿ ಒಂದು ಎಡವಟ್ಟಾಯಿತು. ಚಪ್ಪಾಳೆಯ ಹೊತ್ತಿಗೆ ನಾಣಿ ಎದುರಿನ ಸಾಲುಗಳನ್ನು ನೋಡಿದ. ಅರ್ಧ ಜನ ಒಬ್ಬಟ್ಟಿನ ಮಂಪರಿನಲ್ಲಿದ್ದರು. ಒಬ್ಬಾತ ಕಣ್ಣು ಮುಚ್ಚಿಕೊಂಡೇ ಚಪ್ಪಾಳೆ ತಟ್ಟುತ್ತಿದ್ದ. ಇಷ್ಟು ವರ್ಷವೂ ಇವರು ನನ್ನನ್ನು ಬಯಸಿ ತಟ್ಟಿದ್ದೋ, ಸಭೆ ಬೇಗ ಮುಗಿದರೆ ಸಾಕು ಎಂದು ತಟ್ಟಿದ್ದೋ? ಯಾರನ್ನು ಕೇಳುವುದು? ಕೇಳಿದರೆ "ನಿಮ್ಮನ್ನ ಬಿಟ್ರೆ ಯಾರು ಸಾರ್?" ಎನ್ನುತ್ತಾರೆ. ಅದೂ ಮರ್ಯಾದೆಯ ಮಾತೇ. ಈ ಅನುಮಾನ ಒಮ್ಮೆ ಹೊಕ್ಕಿದ್ದು ಮತ್ತೆ ಹೊರಡಲಿಲ್ಲ.

ಅಂಥ ಮನಸ್ಥಿತಿಯಲ್ಲಿರುವಾಗಲೇ ಥಾರಿಪಾಸ ಸಿಕ್ಕಿದ.

ಸಿಕ್ಕಿದ್ದು ಶ್ರೀಯಾಳ ದೆಸೆಯಿಂದ. ಸಾಫ್ಟ್‌ವೇರ್ ಕೆಲಸದ ಗುರುದತ್‌ನ ಮಗಳು ಈ ಶ್ರೀಯಾ. ಭಾನುವಾರದ ತರಗತಿಯ ಕೊನೆಗೆ ನಾಣಿ ಒಬ್ಬ ರಾಜನ ಕಥೆ ಹೇಳುವುದು ವಾಡಿಕೆ. ಕದಂಬರಾಯಿತು, ಚಾಲುಕ್ಯರಾಯಿತು, ಹೊಯ್ಸಳರೂ ಆಯಿತು. ಒಂದು ಭಾನುವಾರ ಅವಳು ಗಲ್ಲಕ್ಕೆ ಕೈ ಕೊಟ್ಟುಕೊಂಡು, "ಅಂಕಲ್, ಆಲ್ ಯುವರ್ ಕಿಂಗ್ಸ್ ಸೇಮ್ ಲಾ. ಫೈಟ್, ವಿನ್, ಬಿಲ್ಡ್ ಟೆಂಪಲ್. ನೋ ಕಿಂಗ್ ಹೂ ವೆಂಟ್ ಟು ಸ್ಕೂಲ್, ಆ?" ಎಂದು, ಮಾತಿಗೊಂದು 'ಲಾ' ಸೇರಿಸುವ ಇಲ್ಲಿಯವರ ಇಂಗ್ಲಿಷಿನಲ್ಲಿ, ಕೇಳಿಬಿಟ್ಟಳು. ಉಳಿದ ಮಕ್ಕಳು ನಕ್ಕವು. ನಾಣಿಯೂ ನಕ್ಕ, ಆದರೆ ಮನೆಗೆ ಹೋಗುವಾಗ ಕಾರಿನಲ್ಲಿ ತಲೆ ಕೆಡಿಸಿಕೊಂಡ. ಶಾಲೆಗೆ ಹೋದ ರಾಜ ಯಾರು?

ಮಾರನೆಯ ದಿನ ಆಫೀಸಿನಲ್ಲಿ ಹಡಗು ತಡವಾಗಿತ್ತು. ನಾಣಿ ಫೋನಿನಲ್ಲಿ ಹುಡುಕುತ್ತಾ ಕೂತ. ಒಂದರಿಂದ ಇನ್ನೊಂದಕ್ಕೆ ಹೋಗಿ, ಕೊನೆಗೆ ಗ್ರೀಸಿನ ಒಂದು ಮೂಲೆಗೆ ಬಂದು ನಿಂತ. ಎಪಿರಸ್ ಎಂಬ ಬೆಟ್ಟದ ಸೀಮೆ. ಅಲ್ಲಿ ಮೊಲೊಸಿಯನ್ನರೆಂಬ ಬುಡಕಟ್ಟು, ದನ ಕುರಿ ಸಾಕಿಕೊಂಡಿದ್ದವರು. ಎರಡು ಸಾವಿರದ ನಾನೂರು ವರ್ಷಕ್ಕೂ ಹಿಂದೆ ಅವರಿಗೆ ಥಾರಿಪಾಸ ಎಂಬ ರಾಜನಿದ್ದ. ಚಿಕ್ಕ ಹುಡುಗನಾಗಿದ್ದಾಗಲೇ ರಾಜನಾದವನು, ಆ ಮನೆತನಕ್ಕೆ ಉಳಿದಿದ್ದ ಒಂದೇ ಕುಡಿ. ಅವನ ಪರವಾಗಿ ಸಬಿಲಿಂಥಸ್ ಎಂಬವನು ಸೈನ್ಯ ನಡೆಸುತ್ತಿದ್ದ. ಹುಡುಗನನ್ನು ಓದಲು ಅಥೆನ್ಸಿಗೆ ಕಳಿಸಿದರು. ಓದಿ ಬಂದವನು ತನ್ನ ಜನಕ್ಕೆ ಅಕ್ಷರ ತಂದ, ಕಾನೂನು ತಂದ, ಹಿರಿಯರ ಸಭೆ ಕೂಡಿಸಿದ, ವರ್ಷಕ್ಕೊಮ್ಮೆ ಬದಲಾಗುವ ಅಧಿಕಾರಿಗಳನ್ನು ನೇಮಿಸಿದ. ಅವನು ಹಿಂದಿನವರಿಗಿಂತ ಎಷ್ಟು ಹೆಚ್ಚು ಓದಿದ್ದನೋ ಜನ ಅವನನ್ನು ಅಷ್ಟೇ ಹೆಚ್ಚು ಪ್ರೀತಿಸಿದರು ಎಂದು ಹಳೆಯ ಇತಿಹಾಸಕಾರನೊಬ್ಬ ಬರೆದಿದ್ದಾನಂತೆ. ಹೆಚ್ಚುಕಡಿಮೆ ಇಷ್ಟೇ ಸಿಕ್ಕಿದ್ದು. ಅವನಿಗೆ ಏನು ಇಷ್ಟ, ಅವನ ಹೆಂಡತಿ ಜಗಳಗಂಟಿಯೋ ಸಾಧುವೋ, ಒಂದೂ ಇಲ್ಲ.

ಕೊನೆಯ ಆ ಮಾತನ್ನು ನಾಣಿ ಮತ್ತೆ ಮತ್ತೆ ಓದಿದ. ಕಾನೂನು ತಂದ, ಜನ ಹೆಚ್ಚು ಪ್ರೀತಿಸಿದರು. ಪ್ರೀತಿಸಿದರು ಎಂದು ಬರೆದಿಟ್ಟಿದ್ದಾರೆ ಬೇರೆ! ಕಣ್ಣು ಮುಚ್ಚಿಕೊಂಡು ಚಪ್ಪಾಳೆ ತಟ್ಟಿದರು ಎಂದಲ್ಲ.

ಮುಂದಿನ ಭಾನುವಾರ ಮಕ್ಕಳಿಗೆ ಥಾರಿಪಾಸನ ಕಥೆಯಾಯಿತು. ಫೋನಿನಲ್ಲಿ ಸಿಕ್ಕಿದ್ದು ನಾಲ್ಕು ಸಾಲಾದರೆ ನಾಣಿ ಹೇಳಿದ್ದು ಮುಕ್ಕಾಲು ಗಂಟೆ. ಸಬಿಲಿಂಥಸನಿಗೆ ಗಿರಿಜಾ ಮೀಸೆ ಅಂಟಿಸಿ ಸೋದರಮಾವನನ್ನಾಗಿ ಮಾಡಿದ. ಹುಡುಗ ಅಥೆನ್ಸಿನ ಹಾಸ್ಟೆಲ್ಲಿನಲ್ಲಿ ಮನೆಯ ಮಜ್ಜಿಗೆ ನೆನೆಸಿಕೊಂಡು ಅತ್ತ. ವಾಪಸ್ಸು ಬಂದಾಗ ಕುರುಬರು, "ನಮ್ ರಾಜ ಏನೋ ಗೀಚ್ತಾನೆ, ಹುಷಾರಿದಾನೋ ಇಲ್ವೋ" ಎಂದು ಗುಸುಗುಸು ಮಾತಾಡಿಕೊಂಡರು. ಇದೆಲ್ಲ ನಾಣಿಯ ಸ್ವಂತ ಸರಕು, ಯಾವ ಇತಿಹಾಸದಲ್ಲೂ ಇಲ್ಲ. ಶ್ರೀಯಾ ಬಾಯಿ ಬಿಟ್ಟುಕೊಂಡು ಕೇಳಿ, ಕೊನೆಗೆ, "ಸೋ ಆಫ್ಟರ್ ದಿ ಲಾ, ದಿ ಕಿಂಗ್ ಡು ವಾಟ್?" ಎಂದಳು. ಕಾನೂನಾದ ಮೇಲೆ ರಾಜ ಏನು ಮಾಡಿದ? ನಾಣಿಗೆ ಗೊತ್ತಿರಲಿಲ್ಲ. "ಎಲ್ಲರೂ ಅವನನ್ನ ತುಂಬಾ ಪ್ರೀತಿ ಮಾಡಿದ್ರಮ್ಮಾ" ಎಂದು ಹೇಳಿ ತರಗತಿ ಮುಗಿಸಿದ.

ಅಷ್ಟಕ್ಕೇ ಬಿಟ್ಟಿದ್ದರೆ ಏನೂ ತೊಂದರೆಯಿರಲಿಲ್ಲ. ನಾಣಿ ಬಿಡಲಿಲ್ಲ. ಬಳಗಕ್ಕೂ ಕಾನೂನು ಬೇಕು ಎಂದು ಹೊರಟ.

"ಯಾರ್ ಕೇಳಿದ್ರು ನಿಮ್ಮನ್ನ?" ಎಂದಳು ಕಾಂತಮ್ಮ. ಅವಳು ಸೊಪ್ಪು ಬಿಡಿಸುತ್ತಿದ್ದಳು. "ಚೆನ್ನಾಗೇ ನಡೀತಿದೆಯಲ್ಲ?"

"ನಡೀತಿದೆ ಕಣೇ. ಆದ್ರೆ ಕ್ರಮ ಅಂತ ಇಲ್ಲ. ಕೈ ಎತ್ತಿ ಆರಿಸ್ಲಿ. ಎದ್ದಿರೋವಾಗ ಆರಿಸ್ಲಿ."

"ಆರಿಸಿ?"

"ಆರಿಸಿದ್ರೆ ಆಗ ಒಂದು ಗೌರವ ಇರತ್ತೆ."

ಯಾರನ್ನು ಆರಿಸುತ್ತಾರೆ ಎಂದು ಕಾಂತಮ್ಮ ಕೇಳಲಿಲ್ಲ. ನಾಣಿಯೂ ಹೇಳಲಿಲ್ಲ. ಅದು ಹೇಳುವ ಮಾತೇ ಅಲ್ಲವಲ್ಲ.

ನಿಯಮಗಳನ್ನು ಟೈಪ್ ಮಾಡಲು ಚೇತನ ಸಿಕ್ಕಿದಳು. ಹುಬ್ಬಳ್ಳಿಯ ಹುಡುಗಿ, ಇಲ್ಲಿನ ಐಟಿ ಕಂಪನಿಯೊಂದರಲ್ಲಿ ಕೆಲಸ, ಬಳಗಕ್ಕೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ಚುರುಕು ಅಂದರೆ ಚುರುಕು. ಐದು ಜನರ ಸಮಿತಿ, ಅಧ್ಯಕ್ಷರೂ ಸೇರಿ ಎಲ್ಲ ಹುದ್ದೆಗಳೂ ಒಂದೇ ವರ್ಷಕ್ಕೆ, ಸಭೆ ಊಟಕ್ಕೆ ಮೊದಲು. ಇಷ್ಟು ನಾಣಿ ಹೇಳಿದ. ಚೇತನ ತಾನಾಗಿ ಒಂದು ಸೇರಿಸಿದಳು: ಯಾರನ್ನೇ ಆರಿಸುವ ಮೊದಲು ಅವರ ಒಪ್ಪಿಗೆ ಕೇಳಬೇಕು. "ಮಂದಿ ಒಲ್ಲೆ ಅಂದ್ರೂ ಹೊರಿಸಿಬಿಡ್ತೀವಿ ಅಂಕಲ್, ಅದು ಅನ್ಯಾಯ ಅಲ್ಲೇನ್ರಿ?" ಎಂದಳು. "ಹೌದಮ್ಮ, ಅನ್ಯಾಯ" ಎಂದು ನಾಣಿ ತಲೆಯಾಡಿಸಿದ. ಥಾರಿಪಾಸನೂ ಒಪ್ಪುತ್ತಿದ್ದ ಎಂದು ಅವನಿಗೆ ಆಗ ಅನ್ನಿಸಿತಂತೆ.

ಕೊನೆಗೆ ಪ್ರಮಾಣವಚನ. ಅದೇ ರಾಜಮನೆತನದಲ್ಲಿ ಒಂದು ಪದ್ಧತಿಯಿತ್ತು ಎಂದು ನಾಣಿ ಓದಿದ್ದ. ಕಾನೂನಿನಂತೆ ಆಳುತ್ತೇನೆ ಎಂದು ರಾಜ ಜನರಿಗೆ ಆಣೆ ಮಾಡುತ್ತಿದ್ದ, ಕಾನೂನಿನಂತೆ ರಾಜ್ಯ ಕಾಯುತ್ತೇವೆ ಎಂದು ಜನ ರಾಜನಿಗೆ ಆಣೆ ಮಾಡುತ್ತಿದ್ದರು. ಅದು ಥಾರಿಪಾಸನೇ ತಂದದ್ದೋ ಅವನ ಮುಂದಿನವರ ಕಾಲದ್ದೋ ತಿಳಿಯದು. ತಿಳಿಯದಿದ್ದರೇನು, ನಾಣಿಗೆ ಮೈ ಜುಮ್ಮೆಂದಿತು. ಒಳ್ಳೆಯ ಕನ್ನಡದಲ್ಲಿ ಎರಡು ಆಣೆ ಬರೆದ, ಅಧ್ಯಕ್ಷರದೊಂದು, ಸದಸ್ಯರದೊಂದು. ಮನೆಯಿಂದ ಬಂದರಿಗೆ ಕಾರು ಓಡಿಸುವಾಗ ಅಧ್ಯಕ್ಷರ ಆಣೆಯನ್ನು ದಿನವೂ ಗಟ್ಟಿಯಾಗಿ ಹೇಳಿಕೊಂಡು ಬಾಯಿಪಾಠ ಮಾಡಿದ. ಪಕ್ಕದ ಲಾರಿಯವರು ತಿರುಗಿ ನೋಡುತ್ತಿದ್ದರು. ನೋಡಲಿ ಬಿಡಿ.

ಯುಗಾದಿ ಬಂತು. ಹಾಲ್ ತುಂಬಿತ್ತು. ಅಡುಗೆಯ ವಾಸನೆ ಬರುತ್ತಿತ್ತು, ಆದರೆ ಯಾರೂ ಉಂಡಿರಲಿಲ್ಲ. ಆದ್ದರಿಂದ ಎಲ್ಲರ ಕಣ್ಣೂ ತೆರೆದಿದ್ದವು. ನಾಣಿ ರೇಷ್ಮೆ ಪಂಚೆಯುಟ್ಟು ಮುಂದಿನ ಕುರ್ಚಿಯಲ್ಲಿ ಕೂತಿದ್ದ. ವೇದಿಕೆಯ ಪಕ್ಕದ ಮೇಜಿನ ಮೇಲೆ ಒಂದು ಶಾಲು, ಹಣ್ಣಿನ ಬುಟ್ಟಿ, ಜರಿಯ ಮೈಸೂರು ಪೇಟ. ಅವನ್ನು ನಾಣಿ ಓರೆಗಣ್ಣಿನಲ್ಲಿ ನೋಡಿದ. ಹೊಸ ಅಧ್ಯಕ್ಷರಿಗೆ ಈ ಸಲ ಪೇಟವನ್ನೂ ತೊಡಿಸುತ್ತಾರೆ ಅಂತಾಯಿತು. ಛೆ, ಇಷ್ಟೆಲ್ಲ ಯಾಕೆ ಮಾಡಿದರು ಎಂದುಕೊಂಡ, ಖುಷಿಯಾಯಿತು.

ಗುರುದತ್ ಮೈಕು ಹಿಡಿದು, "ಹೊಸ ರೂಲ್ಸ್ ಪ್ರಕಾರ ಫಸ್ಟ್ ಅಧ್ಯಕ್ಷ ಸ್ಥಾನ. ಹೆಸರು ಹೇಳಿ" ಎಂದ. ಹಿಂದಿನಿಂದ ಯಾರೋ, "ಇನ್ಯಾರು, ನಾಣಿಯವರೇ" ಎಂದರು. ಹಾಲ್ ತುಂಬ ನಗು, ಪ್ರೀತಿಯ ನಗುವೇ. ಗುರುದತ್ ನಾಣಿಯ ಕಡೆ ತಿರುಗಿ, "ಸಾರ್, ನಿಮ್ಮ ಒಪ್ಪಿಗೆ ಇದೆಯಾ?" ಎಂದು ಮೈಕು ಹಿಡಿದ.

ನಾಣಿ ಎದ್ದ. ಎರಡೂ ಕೈ ಅಡ್ಡ ಆಡಿಸಿದ. "ಅಯ್ಯೋ ಬೇಡ್ರಪ್ಪಾ" ಎಂದ. "ನಂಗೂ ಸುಸ್ತಾಗಿದೆ. ಚಿಕ್ಕವರು ಯಾರಾದ್ರೂ ಮಾಡ್ಲಿ."

ಹೇಳಿ, ಮುಂದಿನ ಮಾತಿಗೆ ಕಾದ. 'ನೀವಿಲ್ದೆ ಬಳಗ ಎಲ್ಲಿದೆ' ಎಂಬ ಮಾತಿಗೆ. ಆ ಮಾತು ಯಾವ ಕಡೆಯಿಂದ ಬರುತ್ತದೋ ಎಂದು ಎಡಕ್ಕೂ ಬಲಕ್ಕೂ ನೋಡಿದ. ಮೇಜು ಕುಟ್ಟುವ ಕ್ಲಾರೆನ್ಸ್ ಎಲ್ಲಿ? ಅವನು ಕಾರು ನಿಲ್ಲಿಸಲು ಜಾಗ ಸಿಗದೆ ಹೊರಗೆ ಸುತ್ತುತ್ತಿದ್ದ.

ಎದ್ದವಳು ಚೇತನ. ಅವಳ ಕಣ್ಣಲ್ಲಿ ನೀರಿತ್ತು ಎಂದು ನಾಣಿ ಈಗಲೂ ಹೇಳುತ್ತಾನೆ. "ಅಂಕಲ್ ಬ್ಯಾಡ, ಸುಸ್ತಾಗೇದ ಅಂತ ಪ್ರತಿ ವರ್ಷ ಹೇಳ್ಕೋತ ಬಂದಾರ" ಎಂದಳು. "ನಾವು ಒಮ್ಮೆಯೂ ಕೇಳಲಿಲ್ಲ. ನಕ್ಕು ಚಪ್ಪಾಳೆ ಹೊಡದ್ವಿ. ಈ ಸಲರ ಅವರ ಮಾತು ಕೇಳೋಣು."

ಆಮೇಲೆ ಚಪ್ಪಾಳೆ. ಇಷ್ಟು ವರ್ಷದಲ್ಲಿ ನಾಣಿ ಕೇಳಿರದಂಥ ಚಪ್ಪಾಳೆ, ಕೆಲವರು ಎದ್ದೇ ನಿಂತರು, ಒಬ್ಬರೂ ಕಣ್ಣು ಮುಚ್ಚಿರಲಿಲ್ಲ. ಆ ಗದ್ದಲದಲ್ಲೇ ಯಾರೋ ಅವನನ್ನು ಕೈ ಹಿಡಿದು ವೇದಿಕೆಗೆ ಹತ್ತಿಸಿದರು. ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು. ತಲೆಗೆ ಪೇಟ ಇಟ್ಟರು. ಅದು ಕೊಂಚ ದೊಡ್ಡದಾಗಿ ಹುಬ್ಬಿನ ಮೇಲೆ ಕೂತಿತು. ನಾಣಿಗೆ ಏನು ನಡೆಯುತ್ತಿದೆ ಎಂದೇ ತಿಳಿಯಲಿಲ್ಲ. ರಾಜ್ಯ ಹೋಯಿತೋ ಬಂತೋ? ಬಾಯಿ ಮಾತ್ರ ತಾನಾಗಿ ನಗುತ್ತಿತ್ತು. ಆಗ ಬಾಗಿಲಿನಿಂದ ಒಳಗೆ ನುಗ್ಗಿದ ಕ್ಲಾರೆನ್ಸ್, ವೇದಿಕೆಯ ಮೇಲೆ ಪೇಟ ಕಂಡು, ಸಿಕ್ಕಿದ ಮೇಜು ಕುಟ್ಟಿ, "ನಾನು ಹೇಳ್ಲಿಲ್ವಾ? ಮತ್ತೆ ನಾಣಿಯೇ!" ಎಂದು ಕೂಗಿದ. ಪಕ್ಕದವರು ಅವನ ತೋಳು ಹಿಡಿದು ಕೂರಿಸಿದರು.

ಕೈ ಎತ್ತಿ ಆರಿಸಿದ್ದು ಚೇತನಳನ್ನು. ಹೆಸರು ಬಂದಾಗ ಅವಳು "ನಾನಾ?" ಎಂದು ಗಾಬರಿಯಾದಳು, ಆದರೆ ಒಪ್ಪಿಗೆ ಕೇಳಿದಾಗ ಒಂದೇ ಸಲಕ್ಕೆ, "ಹೂಂ, ಮಾಡ್ತೀನಿ" ಎಂದಳು. ಇಷ್ಟೇನಾ ಎಂದು ನಾಣಿಗೆ ಆಶ್ಚರ್ಯವಾಯಿತು. ಅವಳು ಅಧ್ಯಕ್ಷರ ಆಣೆಯನ್ನು ಫೋನಿನಲ್ಲಿ ನೋಡಿಕೊಂಡು ಓದಿದಳು. ಒಂದೆರಡು ಕಡೆ ತಡವರಿಸಿದಳು. ಪ್ರತಿ ಪದವೂ ನಾಣಿಯ ನಾಲಿಗೆಯ ತುದಿಯಲ್ಲಿತ್ತು, ತುಟಿ ಸುಮ್ಮನೆ ಆಡುತ್ತಿತ್ತು. ಆಮೇಲೆ ಸದಸ್ಯರ ಆಣೆ. ಎಲ್ಲರೂ ಎದ್ದು ಬಲಗೈ ಮುಂದೆ ಚಾಚಿ ಹೇಳಬೇಕು. ನಾಣಿಯೂ ಕೈ ಚಾಚಿದ. 'ಬಳಗದ ನಿಯಮಗಳಿಗೆ ಒಳಪಟ್ಟು' ಎಂದು ಶುರುವಾಗುತ್ತದೆ, ಅಲ್ಲಿಂದ ಮುಂದಕ್ಕೆ ಒಂದಕ್ಷರವೂ ಹೊಳೆಯಲಿಲ್ಲ. ಬರೆದವನು ಅವನೇ. ಆದರೆ ಅದನ್ನು ತಾನು ಹೇಳಬೇಕಾಗುತ್ತದೆ ಎಂದು ಅವನು ಎಣಿಸಿಯೇ ಇರಲಿಲ್ಲ. ಎಲ್ಲರೂ ಓದಿ ಮುಗಿಸುವವರೆಗೆ, ಹಣ್ಣಿನ ಬುಟ್ಟಿ ಎಡಗೈಯಲ್ಲಿ ಹಿಡಿದು, ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಅಳು ಬರುವುದೊಂದು ಬಾಕಿ.

ಮನೆಗೆ ಹೋಗುವಾಗ ಕಾರು ಓಡಿಸಿದ್ದು ಕಾಂತಮ್ಮ.

"ನಿಮಗೆ ಬೇಕಿತ್ತಾ?" ಎಂದು ಕೇಳಿದಳು.

"ಏ, ಬಿಡೇ. ದೊಡ್ಡ ಭಾರ ಇಳೀತು."

"ಹಾಗಿದ್ರೆ ಆ ಪೇಟಾನೂ ಇಳಿಸಿ. ಇನ್ನೂ ತಲೇ ಮೇಲೇ ಇದೆ."

ನಾಣಿ ತಡಬಡಿಸಿ ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡ.

ಅಲ್ಲಿಂದ ಮುಂದೆ ಅವನ ಫೋನು ಸುಮ್ಮನಾಯಿತು. ಮೊದಲಾದರೆ ಊಟಕ್ಕೆ ಕೂತರೆ ಸಾಕು, ಹಾಲ್‌ನವರು, ಅಡುಗೆಯವರು, ಹೊಸದಾಗಿ ಬಂದಿಳಿದವರು. ಈಗ ಬ್ಯಾಂಕಿನವರು ಮಾತ್ರ. ರಾಮನವಮಿಗೆ ಪಾನಕ ಎಷ್ಟು ಮಾಡಬೇಕು ಎಂದು ಯಾರೂ ಕೇಳಲಿಲ್ಲ, ಪಾನಕ ಸಾಲದೆಯೂ ಹೋಗಲಿಲ್ಲ. ಇದಕ್ಕೆ ಸಂತೋಷಪಡಬೇಕೋ ಬೇಡವೋ? ಬಳಗ ಚೆನ್ನಾಗಿ ನಡೆದರೆ ಕಾನೂನು ಮಾಡಿದ್ದು ಸಾರ್ಥಕ. ಚೆನ್ನಾಗಿ ನಡೆಯದಿದ್ದರೆ ನಾಣಿ ಬೇಕಾಗುತ್ತಾನೆ. ಎರಡನ್ನೂ ಒಟ್ಟಿಗೆ ಬಯಸುವ ಮನಸ್ಸನ್ನು ಅವನು ಬೈದುಕೊಂಡ, ಮತ್ತೆ ಅದನ್ನೇ ಬಯಸಿದ. ಥಾರಿಪಾಸ ಆಮೇಲೆ ಏನು ಮಾಡಿದನೋ ಎಂದು ಮತ್ತೆ ಫೋನಿನಲ್ಲಿ ಹುಡುಕಿದ. ಮಗ ರಾಜನಾದ, ಮೊಮ್ಮಕ್ಕಳು ರಾಜರಾದರು, ಅಥೆನ್ಸಿನವರು ಪೌರತ್ವ ಕೊಟ್ಟು ಗೌರವಿಸಿದರು, ಇಷ್ಟೆಲ್ಲ ಇದೆ. ಅಧಿಕಾರಿಗಳು ಕೆಲಸ ಶುರು ಮಾಡಿದ ಮಾರನೆಯ ಬೆಳಿಗ್ಗೆ ರಾಜ ಎದ್ದು ಎಲ್ಲಿ ಹೋಗಿ ಕೂತ ಎಂಬುದು ಎಲ್ಲಿಯೂ ಇಲ್ಲ.

ಕ್ಲಾರೆನ್ಸ್ ಒಂದು ಸಂಜೆ ಅವನನ್ನು ಆಫೀಸಿನ ಹತ್ತಿರ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿಗೆ ಎಳೆದುಕೊಂಡು ಹೋದ. ಚಹಾ ಬಂತು, ರೊಟ್ಟಿ ಬಂತು. ನಾಣಿ ಹೇಳಿಕೊಂಡದ್ದನ್ನೆಲ್ಲ ಕ್ಲಾರೆನ್ಸ್ ಕೇಳಿದ.

"ಒಂದು ಹೇಳು ಮಾರಾಯಾ. ಆ ನಿನ್ನ ಗ್ರೀಕಿನವ ವರ್ಷಕ್ಕೊಮ್ಮೆ ಬದಲಿಸಿದ್ದು ಯಾರನ್ನು?"

"ಅಧಿಕಾರಿಗಳನ್ನ."

"ಮತ್ತೆ ರಾಜ?"

"ರಾಜ... ರಾಜನಾಗೇ ಇದ್ದ."

"ಅಲ್ವಾ! ಅವ ತನ್ನ ಕುರ್ಚಿ ಗಟ್ಟಿ ಇಟ್ಟುಕೊಂಡು ಬೇರೆಯವರದ್ದು ಬದಲಿಸಿದ. ನೀನು ಎಂತ ಮಾಡಿದ್ದು? ನಿನ್ನದೇ ಕುರ್ಚಿಗೆ ಕಾನೂನು ಹಾಕಿದಿ. ಮೇಲಿಂದ ಬೇಡ ಅಂತ ಬೇರೆ ಹೇಳಿದಿ."

ನಾಣಿ ರೊಟ್ಟಿಯನ್ನು ಚೂರು ಚೂರು ಮಾಡುತ್ತಾ ಕೂತ. ಇಷ್ಟು ಸಾದಾ ವಿಷಯ ಅವನಿಗೆ ಹೊಳೆದೇ ಇರಲಿಲ್ಲ. "ನೀನಿದ್ದಿದ್ರೆ ಮೇಜು ಕುಟ್ತಿದ್ದೆ" ಎಂದ.

"ಕುಟ್ತಿದ್ದೆ. ಅದಿರ್ಲಿ, ನೀನು ಬೇಡ ಅಂದದ್ದು ಸತ್ಯವಾ ಸುಳ್ಳಾ? ನನಗೆ ಇಷ್ಟು ವರ್ಷದಿಂದ ಗೊತ್ತಾಗ್ಲಿಲ್ಲ ಉಂಟಲ್ಲ. ನಾನು ಸುಮ್ಮನೆ ಕುಟ್ಟಿದ್ದು."

"ನಂಗೂ ಗೊತ್ತಾಗ್ತಿಲ್ಲ ಕಣೋ" ಎಂದ ನಾಣಿ. ಅದು ಮರ್ಯಾದೆಗೆ ಆಡಿದ ಮಾತಾಗಿರಲಿಲ್ಲ.

ಹೀಗಿರುವಾಗ ಒಂದು ಶನಿವಾರ ಬೆಳಿಗ್ಗೆ ಚೇತನ ಫೋನ್ ಮಾಡಿದಳು. ಮೊದಲು ಆರೋಗ್ಯ ವಿಚಾರಿಸಿದಳು. ಆಮೇಲೆ, "ಅಂಕಲ್, ಭಾನುವಾರದ ಕ್ಲಾಸಿನ ಸಲುವಾಗಿ ಮಾಡಿದೆ" ಎಂದಳು. "ಬಳಗ ಬಿಟ್ರೂ ಕ್ಲಾಸು ನಿಮ್ಮ ತಲೀ ಮ್ಯಾಲೇ ಉಳದದ. ನಿಮಗ ರೆಸ್ಟ್ ಸಿಗವಲ್ದು. ಗುರುದತ್ ಅವರನ್ನ ಕೇಳೀನಿ, ಅವರು ಮಾಡ್ತೀನಿ ಅಂದಾರ. ನಾಳಿಂದಾನ ನೀವು ಆರಾಮ ಇರ್ರಿ. ಓಕೆ ಅಲ್ಲಾ ಅಂಕಲ್?"

ನಾಣಿಗೆ ಉಳಿದದ್ದು ಅದೊಂದೇ. ಮಕ್ಕಳು ಅರ್ಧ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದು, ಇವನು ಕನ್ನಡದಲ್ಲಿ ರಾಜರನ್ನು ಕುಣಿಸುವುದು, ಅದಿಲ್ಲದ ಭಾನುವಾರ ಹೇಗಿರುತ್ತದೆ ಎಂದೇ ಅವನಿಗೆ ಗೊತ್ತಿರಲಿಲ್ಲ. ಬಾಯಿ ಮಾತ್ರ ಆಗಲೇ ಮಾತಾಡಿ ಮುಗಿಸಿತ್ತು. "ಒಳ್ಳೇದಾಯ್ತಮ್ಮ. ತುಂಬಾ ಒಳ್ಳೇದಾಯ್ತು. ನಂಗೂ ಸುಸ್ತಾಗಿತ್ತು."

"ಗೊತ್ತಿತ್ತು ನನಗ" ಎಂದು ಅವಳು ಖುಷಿಯಿಂದ ಫೋನಿಟ್ಟಳು.

ನಾಣಿ ಸೋಫಾದ ಅಂಚಿನಲ್ಲಿ ಕೂತ. ಅಡುಗೆಮನೆಯಿಂದ ಕಾಂತಮ್ಮ, "ಕಾಫಿ ಬೇಕಾ?" ಎಂದು ಕೂಗಿದಳು.

"ಬೇಡ ಕಣೇ."

ಸ್ವಲ್ಪ ಹೊತ್ತಿಗೆ ಕಾಂತಮ್ಮ ಬಂದು ಕಾಫಿ ಲೋಟ ಅವನ ಮುಂದಿಟ್ಟಳು. ಸಂಸಾರ ಹೂಡಿದಾಗಿನಿಂದ ಹಾಗೆಯೇ. ನಾಣಿ ಲೋಟವನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಬೇಡ ಅಂದೆನಲ್ಲ? ಯಾಕೆ ತಂದೆ?"

"ನಿಮಗೆ ಬೇಕು ಅಂತ ನಂಗೆ ಗೊತ್ತು, ಅದಕ್ಕೆ."

"ಬಳಗಾನೂ ಬೇಕಿತ್ತು ಕಣೇ" ಎಂದ ನಾಣಿ. "ಕ್ಲಾಸೂ ಬೇಕು. ಈಗ ಅದನ್ನೂ ಕೊಟ್ಬಿಟ್ಟೆ."

"ಅದೂ ನಂಗೊತ್ತು" ಎಂದಳು ಕಾಂತಮ್ಮ, ಪಕ್ಕದಲ್ಲಿ ಕೂತು. "ನಾನು ನಿಮ್ಮ ಹೆಂಡ್ತಿ. ಆ ಹುಡುಗಿಗೆ ಹೇಗ್ರೀ ಗೊತ್ತಾಗ್ಬೇಕು? ಅವಳು ನೀವಂದಿದ್ದನ್ನ ನಂಬ್ತಾಳೆ, ಪಾಪ."

ನಾಣಿ ಕಾಫಿ ಕುಡಿಯಲಿಲ್ಲ. ಫೋನನ್ನು ಎತ್ತಿಕೊಂಡ, ಇಟ್ಟ, ಮತ್ತೆ ಎತ್ತಿಕೊಂಡ. ಎದ್ದು ಬಾಲ್ಕನಿಗೆ ಹೋದ. ಕೆಳಗೆ ರಸ್ತೆಯಲ್ಲಿ ಶನಿವಾರದ ಗದ್ದಲ. ಅರವತ್ತರ ಹತ್ತಿರದ ಮನುಷ್ಯನಿಗೆ ಒಂದು ಫೋನ್ ಮಾಡಲು ಇಷ್ಟು ಕಷ್ಟವೇ? ಕೊನೆಗೆ ನಂಬರು ಒತ್ತಿದ. ಚೇತನ ಎತ್ತಿಕೊಂಡಳು.

"ನೋಡಮ್ಮಾ," ಎಂದ. "ಆ ಕ್ಲಾಸು... ಗುರುದತ್ ಮಾಡ್ಲಿ, ಒಳ್ಳೆಯವನೇ. ಆದ್ರೆ..." ಕೆಳಗಿನ ರಸ್ತೆಯ ಕಡೆ ತಿರುಗಿದ. "ನಂಗೆ ಬೇಕು. ಸುಸ್ತು ಅಂದಿದ್ದು ಸುಮ್ನೆ. ಕ್ಲಾಸು ನಂಗೆ ಬೇಕು."

ನಾಣಿಗೆ ಕಿವಿಯೆಲ್ಲ ಬಿಸಿಯಾಯಿತು. ಮಾನ ಹೋಯಿತು ಎಂದುಕೊಂಡ.

"ಅಂಕಲ್," ಎಂದಳು ಚೇತನ ನಿಧಾನಕ್ಕೆ. "ಹಂಗಾರ ಯುಗಾದಿ ದಿನ ಬ್ಯಾಡ ಅಂದದ್ದು?"

"ಅದೂ ಸುಮ್ನೆ ಅಂದಿದ್ದು" ಎಂದ ನಾಣಿ.

"ಅಯ್ಯ ದೇವರ! ನೀವು ಹೂಂ ಅಂದಿದ್ರ ನಾ ಎದ್ದು ನಿಲ್ತಿದ್ನೇನ್ರಿ? ಯಾರೂ ನಿಲ್ತಿದ್ದಿಲ್ಲ. ನಾವೆಲ್ಲ ಕೂಡಿ ಮಾತಾಡಿದ್ವಿ, ಅಂಕಲ್ ಈ ಸಲನೂ ಬ್ಯಾಡ ಅಂದ್ರ ಬಿಡಿಸೋಣು, ಹೂಂ ಅಂದ್ರ ಅವರ ಇರ್ಲಿ ಅಂತ. ಪೇಟಾ ಎರಡಕ್ಕೂ ಆಗ್ತದ ಅಂತ ತಂದಿದ್ವಿ."

"ಮತ್ತೆ ಅವತ್ತಿನ ಆ ಚಪ್ಪಾಳೆ?" ಎಂದು ನಾಣಿ ಕೇಳಿದ. ಜನ ಚಪ್ಪಾಳೆ ತಟ್ಟುವುದು ಯಾಕೆ ಎಂಬ ಪ್ರಶ್ನೆಯನ್ನು ಒಂದು ವರ್ಷಕ್ಕೂ ಮೇಲಿನಿಂದ ಒಳಗೇ ಇಟ್ಟುಕೊಂಡಿದ್ದ, ಕೇಳಲು ದಾರಿ ಗೊತ್ತಿರಲಿಲ್ಲ.

"ನಿಮಗ ಅಂಕಲ್. ಇಷ್ಟು ವರ್ಷ ಮಾಡಿದ್ದಕ್ಕ. ಮತ್ಯಾರಿಗೆ ಹೊಡೀತಾರ್ರೀ ಹಂಗ?"

ಬಾಲ್ಕನಿಯ ಕಂಬಿ ಹಿಡಿದು ನಾಣಿ ನಿಂತ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ. ಕೊನೆಗೆ ಚೇತನ, ಗುರುದತ್‌ಗೆ ತಾನೇ ಹೇಳುವುದಾಗಿ ತಿಳಿಸಿ, "ಕ್ಲಾಸು ನಿಮ್ಮದ ಅಂಕಲ್. ಆದ್ರ ಒಂದ ವರ್ಷಕ್ಕ. ರೂಲ್ ನೀವ ಮಾಡಿದ್ದು. ಮುಂದಿನ ಯುಗಾದಿಗೆ ಮತ್ತ ಬೇಕಂದ್ರ ಎಲ್ಲಾರ ಮುಂದ ಎದ್ದು ನಿಂತು ಬೇಕು ಅನ್ನಬೇಕ್ರಿ" ಎಂದಳು.

"ಎಲ್ಲರ ಮುಂದೆಯಾ?" ಎಂದ ನಾಣಿ.

"ಎಲ್ಲಾರ ಮುಂದ."

ಅವನು ಒಳಗೆ ಬಂದು ಸೋಫಾದಲ್ಲಿ ಕೂತ. ಕಾಂತಮ್ಮ ಏನಾಯಿತು ಎಂದು ಕೇಳಿದಳು. ನಾಣಿ ತಣ್ಣಗಾಗಿದ್ದ ಕಾಫಿಯನ್ನು ಒಂದೇ ಗು‌ಟುಕಿಗೆ ಕುಡಿದು, ಲೋಟವನ್ನು ಅವಳ ಕಡೆ ಚಾಚಿದ.

"ಇನ್ನೊಂದು ಲೋಟ ಬೇಕು" ಎಂದ.